ಲಿಂಕ್ ರಸ್ತೆ ಊರಿಗೋ ಲೇಔಟಿಗೋ? ಗೂಟ ನಮ್ಮ ಒರತೆ ಪಕ್ಕ ಬಂದು ನಿಂತಿದೆ

ಪಿಕಪ್ ಮಾವ (ಮೇ 4, ರಾತ್ರಿ 9.40)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಬೈಕೋಬೇಡಿ.

ನಮ್ಮದು ಕೊಡಗಿನ ಸುಂಟಿಕೊಪ್ಪದಿಂದ ಒಳಗೆ. ಊರ ಹೆಸರು ಬೇಡ, ಹಾಕಿದರೆ ನಾಳೆ ಬೆಳಿಗ್ಗೆ ಹೋಟೆಲಲ್ಲಿ ಚಾ ಕುಡಿಯುವಾಗಲೇ ಪಂಚಾಯ್ತಿ ಶುರುವಾಗ್ತದೆ. ನಾಲ್ಕು ಎಕರೆ ಚಿಲ್ಲರೆ ರೊಬಸ್ಟಾ, ಮರಕ್ಕೆ ಮೆಣಸು ಬಳ್ಳಿ, ಜೊತೆಗೆ ಬಾಡಿಗೆಗೆ ಓಡಿಸುವ ಒಂದು ಪಿಕಪ್. ಇಷ್ಟೇ ನನ್ನ ಆಸ್ತಿ.

ಮಾರ್ಚಿನಲ್ಲಿ ಹೂಮಳೆ ಬಿದ್ದು ಎಂಟು ದಿನಕ್ಕೆ ತೋಟ ಎಲ್ಲ ಬೆಳ್ಳಗೆ ಆಗಿತ್ತು. ಹೂ ಹೇಗೆ ಕಚ್ಚಿದೆ ನೋಡುವ ಅಂತ ಮೇಲಿನ ತುದಿಗೆ ಹೋದೆ. ಅತ್ತಿಮರದ ಬುಡದಲ್ಲಿ ಒಂದು ಗೂಟ, ತಲೆಗೆ ಕೆಂಪು ಬಣ್ಣ, ಮೇಲೆ 44 ಅಂತ ನಂಬರ್. ಹುಡುಕಿಕೊಂಡು ಹೋದರೆ 41ರಿಂದ 47ರವರೆಗೆ ಏಳು ಗೂಟ ನನ್ನ ತೋಟದೊಳಗೇ ಇವೆ. ಪಿಕಪ್‌ಗೆ ಲೋಡು ಕಟ್ಟುವ ಹಗ್ಗ ಹಿಡಿದು ಅಳೆದೆ. ಒಂದರಿಂದ ಒಂದಕ್ಕೆ ಮೂವತ್ತು ಮೀಟರ್. ಹೂ ನೋಡೋದು ಮರೆತೇ ಹೋಯ್ತು.

ವಿಷಯ ಏನಂದ್ರೆ, ಹೈವೇಯಿಂದ ಮಾದಾಪುರ ರಸ್ತೆಗೆ ಸೇರಿಸುವ ಲಿಂಕ್ ರಸ್ತೆ ಮಾಡ್ತಾರಂತೆ, ನಲವತ್ತಡಿ ಅಗಲ. ನಮ್ಮ ಮೇಲಿನ ಗುಡ್ಡದಲ್ಲಿದ್ದ ಹಳೇ ತೋಟ ಎರಡು ವರ್ಷದ ಹಿಂದೆ ಕೈ ಬದಲಾಯ್ತು. ಅಲ್ಲಿ ನಲವತ್ತೆಂಟು ಎಕರೆಯಲ್ಲಿ ಸೈಟು, ವಿಲ್ಲಾ, ಕ್ಲಬ್ಬು ಬರುತ್ತದೆ. ಅದಕ್ಕೆ "ಮೊದಲ ಹಂತ" ಅಂತ ಹೆಸರು, ಹಂಗಾದ್ರೆ ಎರಡನೆಯದೂ ಇದೆ ಅಂತಾಯ್ತು. ನನಗೆ ಹೊಟ್ಟೆ ಉರಿಸಿದ್ದು ಇದಲ್ಲ. ಸೈಟಿನ ಬಣ್ಣದ ಕಾಗದ ವಾಟ್ಸಾಪಲ್ಲಿ ನಮಗೆ ಬಂದದ್ದು ಫೆಬ್ರವರಿಯಲ್ಲಿ. ಅದರಲ್ಲಿ ಲಿಂಕ್ ರಸ್ತೆ ಆಗಲೇ ಬಳಿದಾಗಿದೆ, ನಲವತ್ತಡಿ, ಎರಡೂ ಬದಿ ಬೀದಿ ದೀಪ. ಪಂಚಾಯ್ತಿ ಬೋರ್ಡಿಗೆ ರಸ್ತೆ ವಿಚಾರದ ಸಭೆ ಅಂತ ಚೀಟಿ ಅಂಟಿಸಿದ್ದು ಏಪ್ರಿಲ್ ಕೊನೆಗೆ. ನನ್ನ ತೋಟದಲ್ಲಿ ರಸ್ತೆ ಎಲ್ಲಿ ತಿರುಗ್ತದೆ ಅಂತ ಬೆಂಗಳೂರಲ್ಲಿ ಸೈಟು ನೋಡುವವರಿಗೆ ನನಗಿಂತ ಎರಡು ತಿಂಗಳು ಮೊದಲೇ ಗೊತ್ತಿತ್ತು.

ರಸ್ತೆ ಬೇಡ ಅನ್ನುವವನು ನಾನಲ್ಲ, ಅದನ್ನು ಮೊದಲೇ ಹೇಳಿಬಿಡ್ತೇನೆ. 2019ರ ಮಳೆಯಲ್ಲಿ ಅಮ್ಮ ಕಣದಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಂಬ್ಯುಲೆನ್ಸ್ ಮೋರಿ ಹತ್ತಿರವೇ ನಿಂತಿತು. ನಾನೂ ಕೆಳಗಿನ ಕಾಲೋನಿಯ ಮೂರು ಹುಡುಗರೂ ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಬೈರಾಸಿನಲ್ಲಿ ಕಟ್ಟಿ, ಒಂದೂಕಾಲು ಕಿಲೋಮೀಟರ್ ಹೊತ್ತೆವು. ಕುರ್ಚಿಯ ಒಂದು ಕಾಲು ದಾರಿಯಲ್ಲೇ ಮುರಿಯಿತು. ಅಮ್ಮ ಅಷ್ಟು ನೋವಿನಲ್ಲೂ "ಆ ಕುರ್ಚಿ ಹೊಸದು ಮಾರಾಯ" ಅಂತ ಬೈತಿದ್ದರು. ಅವತ್ತಿಂದ ರಸ್ತೆಗೆ ಅರ್ಜಿ ಕೊಡುತ್ತಾ ಬಂದವನು ನಾನೇ.

ಆದರೆ ಈ ರಸ್ತೆ ಕಾಲೋನಿಗೆ ಹೋಗುವುದೇ ಇಲ್ಲ! ಹಳೇ ಗಾಡಿ ದಾರಿ ಕಾಲೋನಿ, ಲೈನ್‌ಮನೆ (ತೋಟದ ಕಾರ್ಮಿಕರ ಸಾಲು ಮನೆ), ಅಂಗನವಾಡಿ ಎಲ್ಲ ದಾಟಿಕೊಂಡು ಹೋಗ್ತದೆ. ಗೂಟದ ಸಾಲು ಅದನ್ನು ಬಿಟ್ಟು ಮೇಲಕ್ಕೆ ಹತ್ತಿ, ನನ್ನ ಬಾಣೆ, ಅಂದ್ರೆ ಮೇಲಿನ ಗುಡ್ಡದ ಜಾಗ, ಸೀಳಿ, ಲೇಔಟಿನ ಗೇಟಿಗೆ ಸರಿಯಾಗಿ ಹೋಗಿ ಮುಟ್ತದೆ. 44ನೇ ಗೂಟದಿಂದ ಹತ್ತು ಹೆಜ್ಜೆ ಕೆಳಗೆ ನಮ್ಮ ಒರತೆ. ಏಪ್ರಿಲಲ್ಲಿ ಎಲ್ಲರ ಬಾವಿ ಕೆಸರಾದಾಗಲೂ ಆರು ಮನೆಗೆ ಪೈಪಿನಲ್ಲಿ ನೀರು ಕೊಡುವುದು ಅದೊಂದೇ.

ಮೊನ್ನೆ ಒಬ್ಬರು ಛಾಪಾ ಕಾಗದ ಹಿಡಿದು ಮನೆಗೇ ಬಂದರು. "ಊರಿನ ಅಭಿವೃದ್ಧಿಗೆ ಸ್ವಇಚ್ಛೆಯಿಂದ ಜಾಗ ಬಿಟ್ಟುಕೊಟ್ಟಿದ್ದೇನೆ" ಅಂತ ಟೈಪ್ ಆಗಿಯೇ ಬಂದಿದೆ, ಸಹಿ ಒಂದು ಬಾಕಿ. ನೋಡಿ ಹೇಳ್ತೇನೆ ಅಂತ ಚಾ ಕುಡಿಸಿ ಕಳಿಸಿದೆ. ಇನ್ನೊಂದು ತೊಡಕು, ಆ ಮೇಲಿನ ತುಂಡು ಜಮ್ಮಾ ಬಾಣೆ, ಅಂದ್ರೆ ತಲೆತಲಾಂತರದಿಂದ ಇಡೀ ಕುಟುಂಬಕ್ಕೆ ಸೇರಿದ್ದು. ಪಹಣಿಯಲ್ಲಿ ಇವತ್ತಿಗೂ ಅಜ್ಜನ ಅಣ್ಣನ ಹೆಸರೇ ಇದೆ.

ಸಹಿ ಹಾಕದಿದ್ದರೆ ಏನಾಗ್ತದೆ? ಆಕ್ಷೇಪಣೆ ಯಾರಿಗೆ ಬರೆಯಬೇಕು, ಏನಂತ? ಅನುಭವ ಇದ್ದವರು ಹೇಳಿ.

---

ವ್ಯೂ ಪಾಯಿಂಟ್ (ಮೇ 4, ರಾತ್ರಿ 10.15)

ಸೈಟ್ ರೇಟ್ ಎಷ್ಟಂತೆ ಬ್ರೋ? ಮಂಜು ಕಾಣುತ್ತಾ?

---

ಪಿಕಪ್ ಮಾವ (ಮೇ 4, ರಾತ್ರಿ 10.21)

ಜೂನಿಂದ ಮೂರು ತಿಂಗಳು ಮಂಜು ಬಿಟ್ಟು ಬೇರೆ ಏನೂ ಕಾಣಲ್ಲ. ಬಟ್ಟೆ ಒಣಗಿಸೋಕೆ ಒಲೆ ಮೇಲೆ ಕಟ್ಟಬೇಕು. ಬನ್ನಿ.

---

ನಿವೃತ್ತ ಮೋಜಣಿ (ಮೇ 5, ಬೆಳಿಗ್ಗೆ 6.50)

ಸಹಿ ಹಾಕಬೇಡಿ. ಮಿಕ್ಕಿದ್ದು ಆಮೇಲೆ.

ನಾನು ಕಂದಾಯ, ಸರ್ವೆ ಕೆಲಸದಲ್ಲಿ ಮೂವತ್ತು ವರ್ಷ ಸರಪಳಿ ಎಳೆದವನು. ತಮ್ಮ ಮನೆಗೆ ಬಂದ ಆ ಛಾಪಾ ಕಾಗದ ಕೊಡಗಿನ ಎಲ್ಲ ಊರಿಗೂ ಬಂದಿದೆ. ಸರ್ಕಾರ ಜಾಗ ಸ್ವಾಧೀನ ಮಾಡಿಕೊಂಡರೆ ಪರಿಹಾರ ಕೊಡಬೇಕು, ಕಾರಣ ಹೇಳಬೇಕು, ನಿಮ್ಮ ಮಾತು ಕೇಳಬೇಕು. ತಾವೇ ಬಿಟ್ಟುಕೊಟ್ಟರೆ ಈ ಮೂರೂ ಇಲ್ಲ. ಊರಿನ ಮೂರಡಿ ಕಾಲುದಾರಿಗೆ ಜಾಗ ಬಿಡುವುದು ಒಳ್ಳೆಯ ಸಂಪ್ರದಾಯ, ನಾನೂ ಬಿಡಿಸಿದ್ದೇನೆ. ನಲವತ್ತಡಿಗೆ ಅದೇ ಕಾಗದ ತರುವುದು ಬೇರೆ ಲೆಕ್ಕ.

ಲೆಕ್ಕ ಅಂದೆನಲ್ಲ, ಮಾಡಿಯೇ ಬಿಡೋಣ. ಏಳು ಗೂಟ ಅಂದರೆ ನಡುವೆ ಆರು ತುಂಡು, 180 ಮೀಟರ್ ಉದ್ದ. ನಲವತ್ತಡಿ ಅಂದರೆ ಹತ್ತಿರ ಹತ್ತಿರ 12 ಮೀಟರ್. ಗುಣಿಸಿದರೆ 2,160 ಚದರ ಮೀಟರ್, ಅಂದರೆ 53 ಸೆಂಟು. ಅರ್ಧ ಎಕರೆಗಿಂತ ಮೇಲೆ. ಇದು ಬರೀ ಡಾಂಬರು ಮತ್ತು ಚರಂಡಿಯ ಜಾಗ. ತಮ್ಮದು ಇಳಿಜಾರು. ಮೂರಡಿಗೆ ಒಂದಡಿ ಇಳಿಜಾರು ಅಂತ ಹಿಡಿದರೂ, 12 ಮೀಟರ್ ಅಗಲವನ್ನು ಕಡಿದು ಮಟ್ಟ ಮಾಡಿದರೆ ಮೇಲಿನ ಬದಿಯಲ್ಲಿ 4 ಮೀಟರ್ ಎತ್ತರದ ಬರೆ, ಅಂದರೆ ಕಡಿದ ಮಣ್ಣಿನ ಗೋಡೆ, ನಿಲ್ಲುತ್ತದೆ. ಎರಡಡಿಗೆ ಒಂದಡಿ ಆದರೆ 6 ಮೀಟರ್. ಆ ಬರೆಯನ್ನು ನೆಟ್ಟಗೆ ಬಿಡುವಂತಿಲ್ಲ, ಹಿಂದಕ್ಕೆ ಓರೆ ಮಾಡಬೇಕು. ಆ ಓರೆಗೂ ಜಾಗ ತಮ್ಮದೇ. ಕಡಿದ ಮಣ್ಣು ಕೆಳಗೆ ಎಲ್ಲಿಗೆ ಬೀಳುತ್ತದೆ ಅಂತ ಕೇಳಿ. ನಕ್ಷೆಯಲ್ಲಿ ಮಣ್ಣು ಕಾಣಿಸುವುದಿಲ್ಲ.

ಕಾನೂನು ಕಡೆಯಿಂದ: 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಹೋದರೆ 11ನೇ ಸೆಕ್ಷನ್ ಕೆಳಗೆ ಪ್ರಾಥಮಿಕ ಅಧಿಸೂಚನೆ ಬರಬೇಕು. ಅದು ಪ್ರಕಟವಾದ 60 ದಿನದೊಳಗೆ 15ನೇ ಸೆಕ್ಷನ್ ಪ್ರಕಾರ ಬರವಣಿಗೆಯಲ್ಲಿ ಆಕ್ಷೇಪಣೆ ಕೊಡಬಹುದು, ಖುದ್ದು ವಿಚಾರಣೆಯೂ ಇದೆ. ಮಾರುಕಟ್ಟೆ ಬೆಲೆಯ ಮೇಲೆ ನೂರಕ್ಕೆ ನೂರು ಸೊಲೇಷಿಯಂ, ಅಂದರೆ ಹೆಚ್ಚುವರಿ ಪರಿಹಾರ, ಸೇರುತ್ತದೆ. ಮರ, ಗಿಡ, ಬೆಳೆಯ ಬೆಲೆ ಬೇರೆಯಾಗಿ ಕಟ್ಟಬೇಕು. ಅಧಿಸೂಚನೆಯೇ ಇಲ್ಲದೆ ಗೂಟ ಹೊಡೆದಿದ್ದರೆ ಅದು ಸದ್ಯಕ್ಕೆ ಬರೀ ಮರದ ತುಂಡು.

ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ರಸ್ತೆಯ ಪ್ರಸ್ತಾವ ಯಾರದು, ಯಾವ ದಿನಾಂಕದ್ದು, ಅಲೈನ್‌ಮೆಂಟ್ ಸ್ಕೆಚ್ (ರಸ್ತೆ ಹೋಗುವ ಗೀಟಿನ ನಕ್ಷೆ) ಎಲ್ಲಿದೆ, ಇಷ್ಟು ಕೇಳಿದರೆ ಸಾಕು. ಜೊತೆಗೆ ಆ 48 ಎಕರೆಗೆ ಭೂ ಕಂದಾಯ ಕಾಯ್ದೆ 95ನೇ ಸೆಕ್ಷನ್ ಕೆಳಗೆ ಕೃಷಿಯೇತರ ಬಳಕೆಗೆ ಪರಿವರ್ತನೆ ಆಗಿದೆಯೇ, ಆದೇಶದ ಪ್ರತಿ ಕೊಡಿ ಅಂತ ಬೇರೆ ಅರ್ಜಿ. ಎರಡನ್ನೂ ಒಂದೇ ಕಾಗದದಲ್ಲಿ ಬೆರೆಸಬೇಡಿ, ಆ ಕಚೇರಿಯಿಂದ ಈ ಕಚೇರಿಗೆ ಕಳಿಸುತ್ತಾ ಕೂರುತ್ತಾರೆ. ಬಣ್ಣದ ಕಾಗದವನ್ನು ಮಾತ್ರ ಅಳಿಸಬೇಡಿ. ಫೋನಿನಲ್ಲಿ ಬಂದ ತಾರೀಕು ಸಮೇತ ಪ್ರಿಂಟ್ ತೆಗೆಸಿ ಇಡಿ. ತಮ್ಮ ಕೈಯಲ್ಲಿರುವ ದೊಡ್ಡ ದಾಖಲೆ ಅದೇ.

ಜಮ್ಮಾ ವಿಚಾರ: ಅಜ್ಜನ ಅಣ್ಣನ ಹೆಸರಿನಲ್ಲೇ ಇದ್ದರೆ ಪರಿಹಾರದ ನೋಟಿಸು ತೀರಿಹೋದವರ ಹೆಸರಿಗೆ ಬರುತ್ತದೆ, ಹಣ ಎಲ್ಲೋ ಠೇವಣಿಯಲ್ಲಿ ಕೂರುತ್ತದೆ. ಈಗಲೇ ವಂಶವೃಕ್ಷ ಮಾಡಿಸಿ. ಪಾಲುದಾರರು ಎಷ್ಟು ಜನ?

---

ಪಿಕಪ್ ಮಾವ (ಮೇ 5, ಮಧ್ಯಾಹ್ನ 1.30)

ಸಾರ್, ಹದಿನೇಳು ಜನ. ಇಬ್ಬರು ದುಬೈ, ಒಬ್ಬ ಮೈಸೂರಲ್ಲಿ, ಒಬ್ಬರು ಮಾತು ಬಿಟ್ಟು ಇಪ್ಪತ್ತು ವರ್ಷ. ಹುತ್ತರಿ ಹಬ್ಬಕ್ಕೂ ಸೇರದವರು ವಂಶವೃಕ್ಷಕ್ಕೆ ಸೇರ್ತಾರಾ ನೋಡ್ಬೇಕು.

---

ಕೆಳಗಿನ ಕಾಲೋನಿ (ಮೇ 5, ರಾತ್ರಿ 8.05)

ಮಾವ, ನಿಮ್ಮ ಬರವಣಿಗೆ ನೋಡಿಯೇ ಯಾವ ಊರು ಅಂತ ಗೊತ್ತಾಯ್ತು. ಕುರ್ಚಿ ಹೊತ್ತ ಮೂವರಲ್ಲಿ ಒಬ್ಬ ನಾನು. ಅಜ್ಜಿ ಕಾಲು ಮುರಿದದ್ದು ಅಂತ ನನ್ನನ್ನೂ ಬೈದಿದ್ದರು, ಕುರ್ಚಿಯದ್ದು.

ಆದರೆ ಎಲ್ಲರೂ ಬರೆಯೋದು ನೋಡಿ ಒಂದು ಮಾತು ಹೇಳಲೇಬೇಕು ಅನ್ನಿಸ್ತು. ನಿಮಗೆ 53 ಸೆಂಟು ಹೋಗುತ್ತೆ ಅಂತ ಲೆಕ್ಕ. ನಮಗೆ ಮೂರು ಸೆಂಟು ಸಿಕ್ಕಿದ್ರೆ ಸಾಕಿತ್ತು. ಅಪ್ಪ ಮೂವತ್ತು ವರ್ಷ ಲೈನ್‌ಮನೆಯಲ್ಲಿದ್ರು. ತೋಟ ಮಾರಿದಾಗ ಲೈನ್‌ಮನೆಯೂ ಜೊತೆಗೆ ಮಾರಿಹೋಯ್ತು. ಪೈಸಾರಿಯಲ್ಲಿ, ಅಂದ್ರೆ ಸರ್ಕಾರಿ ಜಾಗದಲ್ಲಿ, ಶೀಟು ಹಾಕಿ ಕೂತಿದ್ದೇವೆ, ಹಕ್ಕುಪತ್ರ ಇವತ್ತಿಗೂ ಇಲ್ಲ. 2016ರ ಡಿಸೆಂಬರಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತುಹಾಕಿದ್ದು ಟಿವಿಯಲ್ಲಿ ನೋಡಿದ ದಿನದಿಂದ ಜೀಪಿನ ಸದ್ದು ಕೇಳಿದ್ರೆ ಅಮ್ಮ ಎದ್ದು ಕೂರ್ತಾರೆ. ಆಗೆಲ್ಲ ಪರಿಸರ ಉಳಿಸಿ ಅಂತ ಬ್ಯಾನರ್ ಹಿಡಿಯುವವರು ನಮ್ಮ ಕಾಲೋನಿಗೆ ಒಂದು ದಿನವೂ ಬಂದಿಲ್ಲ. ಸಿಟ್ಟಿಂದ ಹೇಳ್ತಿಲ್ಲ, ಇದ್ದದ್ದು ಹೇಳಿದೆ.

ಲೇಔಟ್ ಬಂದ್ರೆ ಗಾರೆ ಕೆಲಸ, ವೆಲ್ಡಿಂಗ್, ಸೆಕ್ಯೂರಿಟಿ, ಹುಡುಗಿಯರಿಗೆ ಮನೆಗೆಲಸ ಅಂತ ಹೇಳಿ ಹೋಗಿದ್ದಾರೆ. ನಾನು ದಿನಾ ಬೆಳಿಗ್ಗೆ ಆರಕ್ಕೆ ಹೊರಟು ಕುಶಾಲನಗರಕ್ಕೆ ಹೋಗ್ತೇನೆ. ಊರಲ್ಲೇ ಕೆಲಸ ಸಿಕ್ಕಿದ್ರೆ ಬೇಡ ಅನ್ನೋಕೆ ನಾನ್ಯಾರು. ಹಾಗಾಗಿ ನಮ್ಮಲ್ಲಿ ಅರ್ಧ ಜನ ರಸ್ತೆಗೆ ಬೆಂಬಲ ಅಂತ ಒಂದು ಕಾಗದಕ್ಕೆ ಸಹಿ ಹಾಕಿದ್ದಾರೆ. ನಾನೂ ಹಾಕಿದ್ದೇನೆ. ರಸ್ತೆ ನಮ್ಮ ಕಡೆ ಬರೋದೇ ಇಲ್ಲ ಅಂತ ಮಾತ್ರ ಯಾರೂ ಹೇಳಿರಲಿಲ್ಲ. ಗೂಟದ ನಂಬರು ನೋಡಿಕೊಂಡು ಇವತ್ತು ಸಂಜೆ ನಡೆದು ನೋಡಿದೆ. ನಮ್ಮ ಮನೆಯಿಂದ ಹತ್ತಿರದ ಗೂಟಕ್ಕೆ ಹೋಗೋಕೆ ಕೊಲ್ಲಿ (ತೊರೆ) ದಾಟಿ ಹದಿನೈದು ನಿಮಿಷ ಹತ್ತಬೇಕು. ಮಳೆಗಾಲದಲ್ಲಿ ಕೊಲ್ಲಿ ದಾಟೋಕೆ ಆಗಲ್ಲ, ನಿಮಗೂ ಗೊತ್ತು.

---

ಮುಕ್ಕೋಡ್ಲು ಅಕ್ಕ (ಮೇ 6, ಬೆಳಿಗ್ಗೆ 11.20)

44ನೇ ಗೂಟ, ಒರತೆ, ಹತ್ತು ಹೆಜ್ಜೆ ಅಂತ ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ ಅಣ್ಣ. ನಾವು 2018ರ ಆಗಸ್ಟಲ್ಲಿ ಗುಡ್ಡ ಜಾರಿದಾಗ ಮನೆ ಬಿಟ್ಟು ಬಂದವರು.

ನಮ್ಮ ಮನೆ ಮೇಲ್ಗಡೆ ಒಬ್ಬರು ಹೋಮ್‌ಸ್ಟೇಗೆ ಅಂತ ಜೆಸಿಬಿ ತಂದು ಬರೆ ಕಡಿದಿದ್ದರು. ಮೊದಲ ಮಳೆಗಾಲ ಏನೂ ಆಗಲಿಲ್ಲ. ಎರಡನೆಯದಕ್ಕೂ ಆಗಲಿಲ್ಲ. ಮೂರನೇ ವರ್ಷ ಆಗಸ್ಟ್ ನಡುವಿನಲ್ಲಿ ನಾಲ್ಕು ದಿನ ಬಿಡದೆ ಹೊಯ್ಯಿತು. ಆ ದಿನ ಬೆಳಿಗ್ಗೆ ಪೈಪಲ್ಲಿ ಕೆಂಪು ನೀರು ಬಂತು, ಕಾಫಿ ಡಿಕಾಕ್ಷನ್ ಹಾಗೆ. ಮಳೆಗಾಲ ಅಲ್ವಾ ಅಂತ ಬಕೆಟಲ್ಲಿ ತಿಳಿಯಾಗೋಕೆ ಇಟ್ಟೆ. ಮಧ್ಯಾಹ್ನಕ್ಕೆ ನೀರೇ ನಿಂತಿತು. ಅಷ್ಟು ಮಳೆ ಹೊಯ್ಯುತ್ತಿರುವಾಗ ಒರತೆ ಯಾಕೆ ನಿಲ್ತದೆ? ನನ್ನ ಮಾವ ಅದನ್ನು ನೋಡಿ ಒಂದೇ ಮಾತು ಹೇಳಿದರು, ದನ ಬಿಚ್ಚು, ನಡೆ. ನೀರು ಎಲ್ಲೋ ಒಳಗೆ ಕಟ್ಟಿಕೊಂಡಿದೆ ಅಂತ ಅವರಿಗೆ ಗೊತ್ತಾಗಿತ್ತು. ಸಂಜೆ ನಾಲ್ಕೂವರೆಗೆ ಮನೆ ಇರಲಿಲ್ಲ. ಬಕೆಟ್ ತಿಳಿಯಾಯ್ತೋ ಇಲ್ವೋ ನೋಡಲಿಲ್ಲ.

ಎಲ್ಲದಕ್ಕೂ ಬರೆ ಕಡಿದದ್ದೇ ಕಾರಣ ಅಂತ ನಾನು ಹೇಳಲ್ಲ. ಜೆಸಿಬಿ ಮುಟ್ಟದ ಕಾಡೂ ಆ ವರ್ಷ ಜಾರಿದೆ. ಆದರೆ ಆಮೇಲೆ ಬಂದು ನೋಡಿದ ಭೂವಿಜ್ಞಾನದವರು ಇಳಿಜಾರನ್ನು ಕಡಿದು ಮಟ್ಟ ಮಾಡಿದ್ದನ್ನೂ ನೀರಿನ ಸಹಜ ದಾರಿ ಮುಚ್ಚಿದ್ದನ್ನೂ ಕಾರಣಗಳಲ್ಲಿ ಸೇರಿಸಿಯೇ ಬರೆದರು.

ನೀವು ಅರ್ಜಿಯಲ್ಲಿ ಇದೊಂದು ಪ್ರಶ್ನೆ ಬರೆಯಿರಿ: ರಸ್ತೆಯ ಚರಂಡಿ ನೀರು ಎಲ್ಲಿ ಬಿಡ್ತೀರಿ? ಈಗ ಮಳೆ ನೀರು ನಿಮ್ಮ ಬಾಣೆಯಲ್ಲಿ ನೂರು ಕಡೆ ಇಳಿಯುತ್ತೆ, ತರಗೆಲೆ ಕೆಳಗೆ ಇಂಗುತ್ತೆ. ರಸ್ತೆ ಆದ ಮೇಲೆ ಅಷ್ಟೂ ನೀರು, ಮೇಲಿನ 48 ಎಕರೆಯ ಛಾವಣಿ ಮತ್ತು ಕಾಂಕ್ರೀಟಿನ ನೀರೂ ಸೇರಿ, ಒಂದೇ ಮೋರಿಯಲ್ಲಿ ಬಂದು ಬೀಳುತ್ತೆ. ಆ ಮೋರಿ ಬಾಯಿ ಯಾರ ಮನೆ ಕಡೆಗೆ ಅಂತ ನಕ್ಷೆಯಲ್ಲಿ ತೋರಿಸಲಿ. ಕೆಳಗೆ ಕಾಲೋನಿ ಇದೆ ಅಂದ್ರಲ್ಲ.

ನಮಗೆ ಜಂಬೂರಿನಲ್ಲಿ ಮನೆ ಕೊಟ್ಟರು. ಮನೆ ಚೆನ್ನಾಗಿದೆ, ಸುಳ್ಳು ಹೇಳಬಾರದು. ಮೆಣಸು ಒಣಗಿಸೋಕೆ ಜಾಗ ಇಲ್ಲ, ಒಣಗಿಸೋಕೆ ಮೆಣಸೂ ಇಲ್ಲ.

---

ಸಿದ್ದಾಪುರ ರೊಬಸ್ಟಾ (ಮೇ 6, ಸಂಜೆ 4.45)

ಆನೆ ವಿಚಾರ ಯಾರೂ ಎತ್ತಲೇ ಇಲ್ವಲ್ಲ. ಸುಂಟಿಕೊಪ್ಪ ಅಂದ್ರೆ ಆನೆಕಾಡು, ಮೀನುಕೊಲ್ಲಿ ಕಾಡಿನ ಕಡೆಯಿಂದ ನಿಮ್ಮಲ್ಲಿಗೂ ಬರ್ತವೆ. ನಮ್ಮ ಕಡೆ ದೊಡ್ಡ ತೋಟವೊಂದಕ್ಕೆ ಸುತ್ತ ಗೋಡೆ ಕಟ್ಟಿ ಸೋಲಾರ್ ಬೇಲಿ ಹಾಕಿದ ವರ್ಷ ಹಲಸಿನ ಕಾಲಕ್ಕೆ ಅಷ್ಟೂ ಆನೆ ಪಕ್ಕದ ಸಣ್ಣ ತೋಟಗಳಿಗೆ ಇಳಿದವು. ಗೋಡೆ ಒಳಗಿದ್ದವರು ಸೇಫ್, ನಮಗೆ ರಾತ್ರಿ ಪಟಾಕಿ. 48 ಎಕರೆಗೆ ಕಾಂಪೌಂಡ್ ಬಂದ್ರೆ ಆನೆ ಯಾವ ಕಡೆ ತಿರುಗ್ತದೆ ಅಂತ ಅರಣ್ಯದವರಿಗೆ ಬೇರೆ ಅರ್ಜಿ ಕೊಡಿ.

ಕಸ್ತೂರಿರಂಗನ್ (ಪಶ್ಚಿಮ ಘಟ್ಟ ಉಳಿಸುವ ವರದಿ) ಅಂತ ಮಾತ್ರ ಸಭೆಯಲ್ಲಿ ಬಾಯಿ ಬಿಡಬೇಡಿ. ಆ ಹೆಸರು ಕೇಳಿದರೆ ಅರ್ಧ ಜನ ಎದ್ದು ಹೋಗ್ತಾರೆ. ಅದು 2014ರಿಂದ ಕರಡು ಕರಡು ಅಂತಲೇ ಇದೆ, ಆರನೆಯದು 2024ರ ಜುಲೈನಲ್ಲಿ ಬಂತು, ನಮ್ಮ ರಾಜ್ಯ ಸಂಪುಟ ಬೇಡ ಅಂದಿತು.

---

ನಿವೃತ್ತ ಮೋಜಣಿ (ಮೇ 6, ರಾತ್ರಿ 9.10)

ಅದನ್ನು ಎತ್ತುವ ಅಗತ್ಯವೂ ಇಲ್ಲ. 2006ರ ಪರಿಸರ ಅಧಿಸೂಚನೆ ಸಾಕು. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ಮೊದಲೇ ಅನುಮತಿ ಬೇಕು. 50 ಹೆಕ್ಟೇರ್ ಮುಟ್ಟಿದರೆ ಟೌನ್‌ಶಿಪ್ ಅಂತ ಇನ್ನೂ ಗಟ್ಟಿ ಪರಿಶೀಲನೆ. 50 ಹೆಕ್ಟೇರ್ ಅಂದರೆ ಸುಮಾರು 123 ಎಕರೆ. 48 ಎಕರೆಗೆ "ಮೊದಲ ಹಂತ" ಅಂತ ಯಾಕೆ ಹೆಸರಿಟ್ಟರು ಅಂತ ಈಗ ಯೋಚಿಸಿ. ಒಟ್ಟು ಎಷ್ಟು ಎಕರೆ ಅವರ ಕೈಯಲ್ಲಿದೆ ಅಂತ ಪಹಣಿ ತೆಗೆದು ಕೂಡಿಸಿ ನೋಡಿ, ಆನ್‌ಲೈನಿನಲ್ಲೇ ಸಿಗುತ್ತದೆ.

ಮತ್ತೆ, ಆ ಗಾಡಿ ದಾರಿ ಹಳೇ ಗ್ರಾಮ ನಕ್ಷೆಯಲ್ಲಿ ಗೀಟಾಗಿ ಇದೆಯೇ? ಇದ್ದರೆ ತಮ್ಮ ಅರ್ಜಿ "ರಸ್ತೆ ಬೇಡ" ಅಂತ ಆಗಬಾರದು. "ಈ ದಾರಿಯಲ್ಲೇ ಮಾಡಿ" ಅಂತ ಆಗಬೇಕು. ಬೇಡ ಅಂದವನ ಕಾಗದ ಫೈಲಿಗೆ ಹೋಗುತ್ತದೆ. ಇಲ್ಲಿ ಮಾಡಿ ಅಂದವನಿಗೆ ಉತ್ತರ ಬರೆಯಲೇಬೇಕು.

---

ಪಿಕಪ್ ಮಾವ (ಮೇ 17, ರಾತ್ರಿ 10.30)

ಸಭೆ ಆಯ್ತು. ಏನಾಯ್ತು ಅಂತ ಬರೆಯುತ್ತಿದ್ದೇನೆ.

ಮೊದಲ ಒಂದು ಗಂಟೆ ಬೀದಿ ದೀಪ, ಕಸದ ಗಾಡಿ, ಮಂಗನ ಕಾಟ. ರಸ್ತೆ ವಿಷಯ ಬರುವಾಗ ಅರ್ಧ ಹೆಂಗಸರು ದನ ಕಟ್ಟೋಕೆ ಹೊರಟಿದ್ದರು. ನಾನು ಗ್ರಾಮ ನಕ್ಷೆ ಬಿಚ್ಚಿದೆ. ಮಡಿಚಿ ಮಡಿಚಿ ನಡುವೆ ಹರಿದಿದೆ, ಎಂಜಿನಿಯರ್ ಒಂದು ಬದಿ ಹಿಡಿದರು, ನಾನು ಇನ್ನೊಂದು. ಗಾಡಿ ದಾರಿ ಚುಕ್ಕಿ ಗೀಟಿನಲ್ಲಿ ಇದೆ ಮೋಜಣಿ ಸಾರ್, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಕಾಲೋನಿ ಜಾಗದ ಮೇಲೆಯೇ ಹೋಗ್ತದೆ. ಮೋರಿ ಪ್ರಶ್ನೆ ಕೇಳಿದೆ, ಅಕ್ಕ ಬರೆದ ಹಾಗೆಯೇ. "ಅದು ಡೀಟೇಲ್ಡ್ ಡಿಸೈನಿನಲ್ಲಿ ಬರ್ತದೆ" ಅಂದರು. ಬಣ್ಣದ ಕಾಗದದಲ್ಲಿ ಬೀದಿ ದೀಪದ ಡಿಸೈನ್ ಬಂದಿದೆಯಲ್ಲ ಸಾರ್, ಮೋರಿ ಮಾತ್ರ ಬಂದಿಲ್ವಾ ಅಂದೆ. ಜನ ನಕ್ಕರು. ಎಂಜಿನಿಯರ್ ನಗಲಿಲ್ಲ, ಪಾಪ ಅವರ ಕೈಯಲ್ಲೂ ಏನೂ ಇದ್ದ ಹಾಗೆ ಕಾಣಲಿಲ್ಲ.

ನಾನು ನೆನೆಸಿರದೇ ಇದ್ದದ್ದು ಒಂದು ಆಯ್ತು. ಕಾಲೋನಿ ಹುಡುಗ ಎದ್ದು, ಕೊಟ್ಟ ಸಹಿ ವಾಪಸ್ ಕೊಡಿ ಅಂದ. ಸಹಿ ವಾಪಸ್ ಕೊಡೋದು ಹೇಗೆ ಅಂತ ಪಿಡಿಒಗೂ ಗೊತ್ತಿಲ್ಲ. ಕೊನೆಗೆ ಅವನ ಹೆಸರಲ್ಲೇ ಇನ್ನೊಂದು ಅರ್ಜಿ ಬರೆಸಿದರು: ರಸ್ತೆ ಗಾಡಿ ದಾರಿಯಲ್ಲಿ ಆಗಲಿ, ಮೊದಲು ಕಾಲೋನಿಗೆ ಹಕ್ಕುಪತ್ರ ಆಗಲಿ. ಕೆಳಗೆ ಇಪ್ಪತ್ತಾರು ಸಹಿ, ನನ್ನದೂ ಒಂದು. ಹಕ್ಕುಪತ್ರದ ಸಾಲು ತೆಗೆಯಿರಿ, ವಿಷಯ ಬೇರೆ ಆಗ್ತದೆ ಅಂತ ನಮ್ಮ ತೋಟದವರೇ ಇಬ್ಬರು ಹೇಳಿದರು. ತೆಗೆಯಲ್ಲ ಅಂದ. ಆ ಇಬ್ಬರು ಸಹಿ ಹಾಕಲಿಲ್ಲ. ಅವರಲ್ಲಿ ಒಬ್ಬರು ನನ್ನ ಹದಿನೇಳರಲ್ಲಿ ಒಬ್ಬರು, ವಂಶವೃಕ್ಷಕ್ಕೆ ಅವರ ಮನೆ ಮೆಟ್ಟಿಲು ಹತ್ತಲೇಬೇಕು.

ಛಾಪಾ ಕಾಗದದವರು ಸಭೆಗೆ ಬಂದಿದ್ದರು, ಹಿಂದಿನ ಬೆಂಚಲ್ಲಿ ಕೂತು ಎಲ್ಲ ಕೇಳಿಸಿಕೊಂಡು ಹೋದರು. ಲೇಔಟ್ ವಿಷಯಕ್ಕೆ ಒಂದೇ ಉತ್ತರ, "ಅದು ನಮ್ಮ ವ್ಯಾಪ್ತಿಗೆ ಬರಲ್ಲ." ಮಾಹಿತಿ ಹಕ್ಕಿನ ಎರಡೂ ಅರ್ಜಿ ಮೇ 8ಕ್ಕೆ ಕೊಟ್ಟಿದ್ದೇನೆ, ಸ್ವೀಕೃತಿ ಇದೆ. ಮೂವತ್ತು ದಿನ ಅಂದ್ರೆ ಜೂನ್ 7, ಅಷ್ಟರಲ್ಲಿ ಮಳೆ ಹಿಡಿದಿರ್ತದೆ.

44ನೇ ಗೂಟಕ್ಕೆ ಅಮ್ಮ ಕರು ಕಟ್ಟುತ್ತಿದ್ದಾರೆ. ಬೇಡ ಅಂದೆ, ಗಟ್ಟಿಯಾಗಿದೆ, ಇರಲಿ ಅಂದರು.

ಮೋಜಣಿ ಸಾರ್, ಪಹಣಿ ಕೂಡಿಸಲು ಕೂತೆ. ಒಂದೇ ಹೆಸರಲ್ಲಿಲ್ಲ, ನಾಲ್ಕು ಹೆಸರಲ್ಲಿ ಇದ್ದ ಹಾಗಿದೆ, ವಿಳಾಸ ಎಲ್ಲ ಒಂದೇ. ಸ್ಕ್ರೀನ್‌ಶಾಟ್ ನಿಮಗೆ ಕಳಿಸಲಾ? ಇಲ್ಲಿ ಹಾಕೋದು ಬೇಡ ಅಲ್ವಾ?

---

ನಿವೃತ್ತ ಮೋಜಣಿ (ಮೇ 18, ಬೆಳಿಗ್ಗೆ 6.35)

ಇಲ್ಲಿ ಬೇಡ. ಪ್ರಿಂಟ್ ತೆಗೆಸಿಕೊಂಡು ಬನ್ನಿ, ಬುಧವಾರ ಸೋಮವಾರಪೇಟೆಯಲ್ಲಿ ಇರುತ್ತೇನೆ. ಗ್ರಾಮ ನಕ್ಷೆಯನ್ನು ಅಂಟಿಸಿ ತನ್ನಿ.